ಸೂಜಿ ನಮ್ಮ ವಂಶದ್ದಲ್ಲ

"ದಿನಕ್ಕೆ ಎಷ್ಟು ಕುಡಿತೀರಿ?" ಎಂದು ಆ ಬೆಳಿಗ್ಗೆ ಮೂರನೆಯ ಬಾರಿಗೆ ಯಾರೋ ಕೇಳಿದಾಗ ಸೀತು ಬೆಂಚು ಬಿಟ್ಟು ಎದ್ದು ನಿಂತಳು.

ಮೊದಲು ಕೇಳಿದವಳು ಚೀಟಿ ಬರೆಯುವ ಹುಡುಗಿ. ಅವಳಿಗೆ ಸಮಾಧಾನದಲ್ಲೇ ಇಲ್ಲವೆಂದಿದ್ದಳು. ಆಮೇಲೆ ಹೊಟ್ಟೆಗೆ ತಣ್ಣಗಿನ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದವನು ಕೇಳಿದ. ಅವನಿಗೆ ಹಲ್ಲು ಕಚ್ಚಿ ಇಲ್ಲವೆಂದಳು. ಈಗ ಕೇಳಿದವನು ಮೀಸೆ ಇನ್ನೂ ಸರಿಯಾಗಿ ಮೂಡದ ಎಳೆಯ ಡಾಕ್ಟರು. ಅವಳ ಮುಖವನ್ನೂ ನೋಡದೆ, ಕಾಗದದ ಮೇಲೆ ಪೆನ್ನು ಊರಿಕೊಂಡು, ಉತ್ತರ ತನಗೆ ಮೊದಲೇ ಗೊತ್ತು ಎಂಬಂತೆ ಕೇಳಿದ.

"ನಾ ಮೀನ್ ಮಾರುವಳ್ ಅಂದ್ಹೇಳಿ ಹಿಂಗ್ ಕೇಂತ್ರಿಯಾ? ಬೆಳ್ಗಿಂದ ಮೂರ್ ಜನ ಆಯ್ತ್! ಹುಟ್ಟಿದ್ ಮೇಲೆ ಒಂದ್ ತೊಟ್ಟ್ ಮುಟ್ಟಿದವಳಲ್ಲ ನಾನು. ಕುಡೂದ್ ನನ್ ಗಂಡ. ಇಕಾಣಿ, ಅಲ್ ಕೂಕಂಡಿದ್ರ್. ಅವ್ರನ್ ಕೇಣಿ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ದೇವುವನ್ನು ನೋಡಿದರು. ದೇವು ಗೋಡೆಯ ಮೇಲಿದ್ದ ಕ್ಷಯರೋಗದ ಪೋಸ್ಟರನ್ನು ಬಹಳ ಆಸಕ್ತಿಯಿಂದ ಓದತೊಡಗಿದ. ಅದೇ ವಾರ ಅವನ ಹೊಟ್ಟೆಯನ್ನೂ ಸ್ಕ್ಯಾನ್ ಮಾಡಿದ್ದರು. ಇಪ್ಪತ್ತೈದು ವರ್ಷದಿಂದ ಸಂಜೆಯಾದರೆ ಗ್ಲಾಸು ಹಿಡಿಯುವ ಆ ಮನುಷ್ಯನ ಲಿವರಿನಲ್ಲಿ ಸ್ವಲ್ಪ ಕೊಬ್ಬು ಬಿಟ್ಟರೆ ಮತ್ತೇನೂ ಇರಲಿಲ್ಲ. ಅದನ್ನು ಕೇಳಿದ ಹೊತ್ತಿನಿಂದ ಸೀತುವಿನ ಮೈ ಉರಿಯುತ್ತಲೇ ಇತ್ತು.

ಸೀತುವಿಗೆ ಐವತ್ತೆರಡು. ಹುಟ್ಟಿದ್ದು ಹಂಗಾರಕಟ್ಟೆಯಲ್ಲಿ, ಹೊಳೆ ಸಮುದ್ರ ಸೇರುವಲ್ಲಿ ದೋಣಿ ಕಟ್ಟುವವರ ನೆರೆಯಲ್ಲಿ. ಮದುವೆಯಾಗಿ ಬಂದದ್ದು ಉಪ್ಪುಂದಕ್ಕೆ. ಇಪ್ಪತ್ತೆಂಟು ವರ್ಷಗಳಿಂದ ಬೆಳಗಾದರೆ ಮೀನು ತುಂಬಿಕೊಂಡು ಬಸ್ಸು ಹತ್ತುವುದು, ಹೆಮ್ಮಾಡಿಯಲ್ಲಿ ಇಳಿದು ಒಳಊರಿನ ಬಸ್ಸು ಹಿಡಿಯುವುದು, ಕೆರಾಡಿಯ ಕಾಡಿನಂಚಿನ ಮನೆಗಳಿಗೆ ಬಂಗ್ಡೆ, ಬೈಗೆ, ಸಿಕ್ಕಿದ ದಿನ ಕಾಣೆ ಮೀನು ಮಾರಿ ಬರುವುದು. ಅವಳ ಕೂಗು ಎರಡು ಗದ್ದೆ ಆಚೆಗೆ ಕೇಳಿಸುತ್ತಿತ್ತು. ಸುಸ್ತು ಎಂದು ಒಂದು ದಿನ ಮಲಗಿದವಳಲ್ಲ. ಹೋದ ವರ್ಷ ಗರ್ಭಕೋಶದಲ್ಲಿ ಗಡ್ಡೆ ಇದೆ, ತೆಗೆಸಬೇಕು ಎಂದರು. ಒಂದು ಖಾಸಗಿ ಆಸ್ಪತ್ರೆಗೆ ಸೇರಿದಳು. ಆಪರೇಶನ್ನಿನ ಹಿಂದಿನ ದಿನ ರಕ್ತ ತೆಗೆದರು. ಅಷ್ಟೇ, ಎಲ್ಲ ನಿಂತುಹೋಯಿತು.

ಏನಾಯಿತು ಎಂದು ಯಾರೂ ಹೇಳಲಿಲ್ಲ. ನರ್ಸು ಬಂದು ಮಂಚದ ತಲೆಯ ಕಡೆ ಒಂದು ಕೆಂಪು ಚೀಟಿ ಅಂಟಿಸಿದಳು. ಊಟ ಕೊಡುವ ಹೆಂಗಸು ತಟ್ಟೆಯನ್ನು ಕೈಗೆ ಕೊಡದೆ ಸ್ಟೂಲಿನ ಮೇಲಿಟ್ಟು ಹೋದಳು. ಪಕ್ಕದ ಮಂಚದವರ ಕಡೆಯವರು ಏನೋ ಪಿಸುಗುಟ್ಟಿ ತಮ್ಮ ಮಂಚವನ್ನು ಬಾಗಿಲ ಕಡೆಗೆ ಎಳೆದುಕೊಂಡರು. ಕುಂದಾಪುರದ ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ವಿನಯಾ ಸಂಜೆ ಬಂದು ಫೈಲು ತೆಗೆದು ಓದಿದ ಮೇಲೆಯೇ ರೋಗಕ್ಕೆ ಒಂದು ಹೆಸರು ಸಿಕ್ಕಿದ್ದು: ಹೆಪಟೈಟಿಸ್ ಸಿ. ಸೀತು ಆ ಕೆಂಪು ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತು, ನರ್ಸಿನ ಮೇಜಿನ ಮೇಲೆ ಅಂಟಿಸಿ ಮನೆಗೆ ಬಂದಳು.

ಈ ದೊಡ್ಡಾಸ್ಪತ್ರೆಗೆ ಬಂದದ್ದು ಆಮೇಲೆ. ಇಲ್ಲಿ ಲಿವರಿನ ಡಾಕ್ಟರು ಶ್ರೀಲತಾ ಎಂಬವರು. ಹೊರಗಿನ ಗಲಾಟೆ ಕೇಳಿ ಬಾಗಿಲು ತೆರೆದು ಅವರೇ ಒಳಗೆ ಕರೆದರು. ಕುಡಿತದ ಮಾತು ಎತ್ತಲಿಲ್ಲ.

"ಸೀತಕ್ಕ, ಇದು ರಕ್ತದಿಂದ ರಕ್ತಕ್ಕೆ ದಾಟುವ ವೈರಸ್. ಒಟ್ಟಿಗೆ ಉಂಡರೆ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ. ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದೀರಾ? ಹಚ್ಚೆ? ಸಣ್ಣದಿರುವಾಗ ಯಾರ ಹತ್ತಿರವಾದರೂ ಇಂಜೆಕ್ಷನ್?"

ಹಚ್ಚೆ ಇಲ್ಲ, ರಕ್ತ ಹಾಕಿಸಿಕೊಂಡದ್ದಿಲ್ಲ. ಆದರೆ ಇಂಜೆಕ್ಷನ್ನು ಎಂದರೆ ಊರಿನ ಅಣ್ಣಯ್ಯ ಎಂಬವನು.

ಹಂಗಾರಕಟ್ಟೆಯಲ್ಲಿ ಅವಳು ಹದಿನಾರರ ಹುಡುಗಿಯಾಗಿದ್ದಾಗ ಅಣ್ಣಯ್ಯನನ್ನು ಎಲ್ಲರೂ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಎಲ್ಲಿಯೋ ನಾಲ್ಕು ವರ್ಷ ಕಂಪೌಂಡರ್ ಆಗಿದ್ದು ಬಂದು, ರಸ್ತೆ ಬದಿಯಲ್ಲಿ ಎರಡು ಕೋಣೆಯ ಅಂಗಡಿ ಹಾಕಿದ್ದ. ಜ್ವರಕ್ಕೂ ಇಂಜೆಕ್ಷನ್, ಸೊಂಟನೋವಿಗೂ ಇಂಜೆಕ್ಷನ್. ಆ ಮಳೆಗಾಲ ಊರಲ್ಲಿ ಜ್ವರ ಎದ್ದು ಎಲ್ಲರೂ ಬಸವಳಿದಾಗ, ಶಕ್ತಿ ಬರುತ್ತದೆ ಎಂದು ವಾರಕ್ಕೊಂದರಂತೆ ಎಂಟು ವಾರ ಚುಚ್ಚಿದ್ದ. ಅಬ್ಬೆ ಸೀತುವನ್ನೂ ಅಕ್ಕ ಜಲಜಳನ್ನೂ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ಗಾಜಿನ ಸಿರಿಂಜು, ಸ್ಟೀಲಿನ ಡಬ್ಬಿ, ಬಿಸಿನೀರು. ಒಬ್ಬರಿಗೆ ಚುಚ್ಚಿ, ಹತ್ತಿಯಿಂದ ಸೂಜಿ ಒರೆಸಿ, ಡಬ್ಬಿಯಲ್ಲಿ ಅದ್ದಿ, "ಮುಂದಿನವ್ರ್ ಬನ್ನಿ" ಎನ್ನುತ್ತಿದ್ದ. ಡಬ್ಬಿಯ ನೀರು ಕುದಿಯುವುದನ್ನು ಸೀತು ನೋಡಿದ್ದು ಬೆಳಿಗ್ಗೆ ಒಂದು ಸಲ ಮಾತ್ರ. ಇದನ್ನೆಲ್ಲ ಡಾಕ್ಟರಿಗೆ ಹೇಳಿದಳು.

ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಯಂತ್ರವೊಂದಿತ್ತು. ಪಕ್ಕೆಲುಬಿನ ಮೇಲೆ ಅದರ ತುದಿ ಹತ್ತು ಸಲ ಟಪ್ ಟಪ್ ಎಂದು ತಟ್ಟಿತು. ಏಳರ ಕೆಳಗಿದ್ದರೆ ಮೆತ್ತಗೆ ಎಂದು ಲೆಕ್ಕ. ಸೀತುವಿನದು ಹತ್ತೊಂಬತ್ತು.

"ವೈರಸ್ ಒಳಗೆ ಕೂತು ಸಣ್ಣ ಸಣ್ಣ ಗಾಯ ಮಾಡುತ್ತದೆ. ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆ. ಮೂವತ್ತೈದು ವರ್ಷದಲ್ಲಿ ಕಲೆಯ ಮೇಲೆ ಕಲೆ ಕೂತು ಲಿವರ್ ಗಂಟುಗಂಟಾಗಿದೆ," ಎಂದರು ಡಾಕ್ಟರು. "ಮಾತ್ರೆ ಇದೆ. ಹನ್ನೆರಡು ವಾರ. ಸರ್ಕಾರದಿಂದ ಧರ್ಮಕ್ಕೆ ಸಿಗುತ್ತದೆ. ವೈರಸ್ ಹೋಗುತ್ತದೆ. ಆದರೆ ಕಲೆ ಪೂರ್ತಿ ಹೋಗುತ್ತದೆ ಅಂತ ನಾನು ಹೇಳಲಾರೆ. ನಿಮ್ಮ ಅಕ್ಕನನ್ನೂ ಕರೆದುಕೊಂಡು ಬನ್ನಿ."

ಅಕ್ಕ ಜಲಜ ಹಂಗಾರಕಟ್ಟೆಯಲ್ಲೇ ಇದ್ದಳು, ತಾಯಿಯ ಮನೆಯಲ್ಲೇ. ಮರುವಾರ ಬಂದು ರಕ್ತ ಕೊಟ್ಟಳು. ಅವಳಿಗೂ ಅದೇ ವೈರಸ್. ಯಂತ್ರದ ಮೇಲೆ ಮಲಗಿಸಿದರು. ಐದು.

ಆಸ್ಪತ್ರೆಯ ಹೊರಗೆ ಬಾದಾಮಿ ಮರದ ಕೆಳಗೆ ಇಬ್ಬರೂ ಚಾ ಕುಡಿಯುತ್ತ ನಿಂತಿದ್ದರು. ಜಲಜ, "ದೇವ್ರ್ ದೊಡ್ಡವ, ನಂಗಾದ್ರೂ..." ಎಂದಳು. ಅಷ್ಟೇ ಸಾಕಾಯಿತು.

"ನಿಂಗಾದ್ರೂ ಎಂತ? ಹೇಳ್! ಒಂದೇ ಹೊಟ್ಟಿಲ್ ಹುಟ್ಟದ್, ಒಂದೇ ಸೂಜಿ ಚುಚ್ಚಸ್ಕಂಡದ್. ನಿಂಗ್ ಐದ್, ನಂಗ್ ಹತ್ತೊಂಬತ್ತ್! ಆ ಅಬ್ಬೆ ಹೋಪ ಹೊತ್ತಿಗೂ ಒಳ್ಳೇದೆಲ್ಲ ನಿಂಗೇ ಕೊಟ್ಟ್ ಹೋಯ್ತಾ?"

"ನಾ ಎಂತ ಮಾಡುಕ್ ಆತ್ತ್ ಮಾರಾಯ್ತಿ? ನಾ ಕೇಂಡ್ ಪಡ್ಕಂಡದ್ದಾ?" ಜಲಜಳ ಕಣ್ಣಲ್ಲಿ ನೀರು ಬಂತು. ಸೀತು ಚಾದ ಲೋಟವನ್ನು ಕುಕ್ಕಿ, ಅಕ್ಕನನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ಬ್ರಹ್ಮಾವರ ದಾಟುವವರೆಗೂ ಸಿಟ್ಟು ಅಕ್ಕನ ಮೇಲಿತ್ತು. ಅಲ್ಲಿಂದಾಚೆ ತನ್ನ ಮೇಲೇ ಬಂತು.

ಈ ಐದು ಮತ್ತು ಹತ್ತೊಂಬತ್ತರ ವ್ಯತ್ಯಾಸವೇ ಡಾಕ್ಟರ್ ಶ್ರೀಲತಾ ಅವರ ಅಧ್ಯಯನದ ವಿಷಯವಾಗಿತ್ತು. ಒಂದೇ ಕಾಲದಲ್ಲಿ ಒಂದೇ ವೈರಸ್ ತಗುಲಿದವರಲ್ಲಿ ಕೆಲವರ ಲಿವರ್ ಬೇಗ ಗಟ್ಟಿಯಾಗುತ್ತದೆ, ಕೆಲವರದು ಆಗುವುದಿಲ್ಲ, ಯಾಕೆ? ಸಹಿ ಹಾಕಿಸಿಕೊಂಡು ಇಬ್ಬರಿಂದಲೂ ಇನ್ನಷ್ಟು ರಕ್ತ ತೆಗೆದರು. ಅಕ್ಕ ತಂಗಿ ಬೇರೆ ಬೇರೆ ಬೆಂಚಿನಲ್ಲಿ ಕುಳಿತು ಮಾತ್ರೆಯ ಪೊಟ್ಟಣ ತೆಗೆದುಕೊಂಡರು. ನಾಲ್ಕು ತಿಂಗಳಾದ ಮೇಲೆ ಡಾಕ್ಟರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ವಿಷಯ ಹೇಳಿದರು.

"ಲಿವರಿನ ಕೊಬ್ಬನ್ನು ನೋಡಿಕೊಳ್ಳುವ ಒಂದು ಜೀನ್ ಇದೆ. ಪ್ರತಿಯೊಬ್ಬರಿಗೂ ಅದರ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಅದರಲ್ಲಿ ಒಂದು ಅಕ್ಷರ ಬದಲಾಗಿರುವುದು ಎಷ್ಟೋ ಜನರಲ್ಲಿ ಇರುತ್ತದೆ. ಸೀತಕ್ಕನಿಗೆ ಎರಡು ಕಡೆಯಿಂದಲೂ ಬದಲಾದದ್ದೇ ಬಂದಿದೆ. ಜಲಜಕ್ಕನಿಗೆ ಎರಡೂ ಸರಿಯಿರುವುದು. ಎರಡೂ ಬದಲಾದವರ ಲಿವರಿಗೆ ವೈರಸ್ ಸೇರಿದರೆ ಕಲೆ ಬೇಗ ಕಟ್ಟುತ್ತದೆ. ಇದೊಂದೇ ಕಾರಣ ಅಂತ ಅಲ್ಲ. ಆದರೆ ಇದೂ ಒಂದು."

ಸೀತುವಿಗೆ ಅರ್ಥವಾದದ್ದು ಇಷ್ಟು: ಅಬ್ಬೆಯದೂ ಅಲ್ಲ, ಅಕ್ಕನದೂ ಅಲ್ಲ ತಪ್ಪು. ಚೀಟಿ ಎತ್ತಿದ ಹಾಗೆ ಬಂದದ್ದು. ಹೊರಗೆ ಬಂದು ಜಲಜಳ ಕೈಚೀಲವನ್ನು ತಾನೇ ಹಿಡಿದುಕೊಂಡಳು. ಜಲಜ ಕಣ್ಣೊರೆಸಿಕೊಂಡು ನಕ್ಕಳು. ಅಲ್ಲಿಗೆ ಅವರಿಬ್ಬರ ಜಗಳ ಮುಗಿಯಿತು.

ಮುಗಿಯದ್ದು ಬೇರೆ. ಜಲಜ ಊರಿಗೆ ಹೋಗಿ ಕೇಳಿದವರಿಗೆಲ್ಲ ಡಾಕ್ಟರು ಹೇಳಿದ್ದನ್ನು ಹೇಳಿದಳು, ತನಗೆ ಗೊತ್ತಾದ ಮಟ್ಟಿಗೆ. ಆ ಮಾತು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗುತ್ತ, ವೈರಸ್ ಎಂಬ ಶಬ್ದ ಉದುರಿಹೋಯಿತು, ಸೂಜಿ ಉದುರಿಹೋಯಿತು. ಉಪ್ಪುಂದಕ್ಕೆ ಮುಟ್ಟುವಾಗ ಉಳಿದದ್ದು 'ವಂಶದ ಕಾಯಿಲೆ' ಎಂಬುದು ಮಾತ್ರ. ದೇವುವಿನ ತಂಗಿ ವನಜ ಒಂದು ಮಧ್ಯಾಹ್ನ ಬಂದವಳು ಊಟ ಬೇಡವೆಂದಳು. ಜಗಲಿಯಲ್ಲೇ ಕುಳಿತು, "ನಿಮ್ಮ ಬಳಿ ನೆತ್ರೇ ಹಾಂಗಂಬ್ರಲ್ಲ ಅತ್ತಿಗೆ, ಮದ್ವಿಗ್ ಮುಂಚೆ ಒಂದ್ ಮಾತ್ ಹೇಳುಕಾಗ್ದಾ?" ಎಂದಳು.

ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ಸೀತುವಿನದು ಯಾವುದೋ ವಿನಯಳದೂ ಅದೇ. ಮಾತು ತನ್ನನ್ನು ದಾಟಿ ಮಗಳನ್ನು ತಾಗಿತು ಎಂದು ಸೀತುವಿಗೆ ಗೊತ್ತಾಯಿತು. ಎದ್ದವಳೇ ವನಜಳ ಚಪ್ಪಲಿಯನ್ನು ಕಾಲಿನಿಂದ ಮೆಟ್ಟಿಲ ಕೆಳಕ್ಕೆ ತಳ್ಳಿ, "ಹೋಯ್ ಬಾ" ಎಂದಳು.

"ಬಿಡ್ ಮಾರಾಯ್ತಿ, ಜನ ಹೇಳ್ತ್ರ್," ಎಂದ ದೇವು.

"ನೀವ್ ಬಾಯ್ ಮುಚ್ಚ್ಕಣಿ. ನಿಮ್ ತಂಗಿ ಹೇಳು ಹೊತ್ತಿಗೆ ಎಲ್ಲಿತ್ತ್ ಈ ಬಾಯಿ?"

ಮರುದಿನ ಅವಳು ಮೀನಿಗೆ ಹೋಗಲಿಲ್ಲ. ಹಂಗಾರಕಟ್ಟೆಗೆ ಹೋದಳು.

ಅಣ್ಣಯ್ಯನಿಗೆ ಈಗ ಎಪ್ಪತ್ತೆಂಟು. ಅಂಗಡಿ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಅದೇ ಜಾಗದಲ್ಲಿ ಎರಡು ಮಹಡಿಯ ಮನೆ, ಚಾವಡಿಯಲ್ಲಿ ಶಾಲು ಹೊದಿಸಿಕೊಂಡ ಫೋಟೋಗಳು, 'ಬಡವರ ವೈದ್ಯ' ಎಂದು ಬರೆದ ಫಲಕ. ಅವನು ಕುರ್ಚಿಯಲ್ಲಿ ಕುಳಿತು ಪೇಪರು ಓದುತ್ತಿದ್ದ. ಸೀತು ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿದಳು, ತಡವರಿಸದೆ. ಒಂದು ಸೂಜಿ, ಒಂದು ಡಬ್ಬಿ, ಎಂಟು ವಾರ, ಎರಡು ಹುಡುಗಿಯರು.

ಅಣ್ಣಯ್ಯ ಪೇಪರು ಮಡಚಿದ. ಹೆದರಲಿಲ್ಲ, ಸಿಟ್ಟಾಗಲೂ ಇಲ್ಲ. ಮಗುವಿಗೆ ಲೆಕ್ಕ ಹೇಳಿಕೊಡುವವನ ಹಾಗೆ ಮಾತಾಡಿದ.

"ಸೀತು, ಆಗಿನ ಕಾಲದಲ್ ಎಲ್ಲರೂ ಹಾಂಗೇ ಮಾಡ್ತಿದ್ದದ್. ಈ ವೈರಸ್ಸಿಗೆ ಆಗ ಹೆಸ್ರೇ ಇರ್ಲಿಲ್ಲ. ಮತ್ತೆ ನಿನ್ ದೊಡ್ಡ್ ಡಾಕ್ಟ್ರೇ ಹೇಳಿದ್ರಂಬ್ರಲ್ಲ, ನಿನ್ ಹುಟ್ಟಿನಲ್ಲೇ ದೋಷ ಇತ್ತ್ ಅಂದೇಳಿ. ಜಲಜಂಗೂ ನಾನೇ ಚುಚ್ಚಿದ್ದ್. ಅವ್ಳ್ ಗಟ್ಟಿಮುಟ್ಟಾಯಿಲ್ಯಾ? ಇಬ್ಬರ್ಗೂ ಸೂಜಿ ಒಂದೇ ಅಲ್ದಾ? ವ್ಯತ್ಯಾಸ ನಿಮ್ ಅಪ್ಪ ಅಬ್ಬೆ ಕೊಟ್ಟದ್ದ್. ನಾ ಕೊಟ್ಟದ್ದಲ್ಲ."

ಸೀತು ಗೇಟು ದಾಟಿ ರಸ್ತೆಗೆ ಬಂದಳು. ಕೋಟ ದಾಟುವಾಗ ಬಸ್ಸಿನಲ್ಲಿ ಒಮ್ಮೆಲೇ ನೆಟ್ಟಗೆ ಕುಳಿತಳು. ಇಬ್ಬರಿಗೂ ಸೂಜಿ ಒಂದೇ ಎಂದು ಅವನ ಬಾಯಿಂದಲೇ ಬಂದಿತಲ್ಲ!

ಆದರೆ ವ್ಯತ್ಯಾಸ ಅಪ್ಪ ಅಬ್ಬೆ ಕೊಟ್ಟದ್ದು ಎಂಬ ಅವನ ಇನ್ನೊಂದು ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತ್ತು. ಅದನ್ನು ಕೀಳಿಸಲು ಡಾಕ್ಟರ್ ಶ್ರೀಲತಾ ಅವರ ಕೋಣೆಗೆ ಹೋದಳು, ಸರದಿ ಚೀಟಿ ಇಲ್ಲದೆ.

"ಡಾಕ್ಟ್ರೇ, ನೀವ್ ಹೇಳಿದ್ ಅವಂಗ್ ಬಚಾವಪ್ಪುಕ್ ದಾರಿ ಆಯ್ತ್. ಜೀನ್ ಅಂದ್ರಿ. ಊರೆಲ್ಲ ವಂಶ ಅಂತ್ರ್. ನನ್ ಮಗ್ಳನ್ ಕಂಡ್ರೆ ಮುಖ ತಿರ್ಗಿಸ್ತ್ರ್. ಚುಚ್ಚಿದವ ಚಾವಡೀಲ್ ಕೂಕಂಡ್ ಪೇಪರ್ ಓದ್ತಾ. ಹೇಳಿ, ನನ್ ಅಪ್ಪಯ್ಯ ಅಬ್ಬೆ ಎಂತ ತಪ್ಪ್ ಮಾಡಿದ್ರ್?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಮಾತು ಹೀಗೆ ತಿರುಗುತ್ತದೆ ಅಂತ ನಾನು ಯೋಚನೆ ಮಾಡಲಿಲ್ಲ ಸೀತಕ್ಕ. ಅದು ನನ್ನ ತಪ್ಪು." ಆಮೇಲೆ ಕೇಳಿದರು: "ನಿಮ್ಮ ತಂದೆ ತಾಯಿ ಎಷ್ಟು ವರ್ಷ ಬದುಕಿದ್ದರು?"

"ಅಪ್ಪಯ್ಯ ಎಂಬತ್ತೊಂದ್. ಅಬ್ಬೆ ಎಪ್ಪತ್ತೊಂಬತ್ತ್."

"ಅವರಿಬ್ಬರಲ್ಲೂ ಬದಲಾದ ಪ್ರತಿ ಒಂದೊಂದು ಇದ್ದೇ ಇತ್ತು. ಇಲ್ಲದಿದ್ದರೆ ನಿಮಗೆ ಎರಡು ಬರುತ್ತಿರಲಿಲ್ಲ. ಅವರಿಗೆ ಏನೂ ಆಗಲಿಲ್ಲ. ನಿಮ್ಮಲ್ಲಿ ಎರಡಿದ್ದರೂ ವೈರಸ್ ಬಾರದಿದ್ದರೆ ಜೀವಮಾನವಿಡೀ ಏನೂ ಆಗದೆ ಇರಬಹುದಿತ್ತು."

"ಅದನ್ನ್ ಬರ್ದ್ ಕೊಡಿ."

"ಏನಂತ?"

"ಈಗ ಹೇಳಿದ್ರಿಯಲ್ಲ, ಅದೇ. ಕನ್ನಡದಲ್ ಬರೀರಿ. ಓದಿದವ್ರಿಗ್ ಮಾತ್ರ ಅರ್ಥ ಆಪ ಹಾಂಗೆ ಅಲ್ಲ. ಸಹಿ, ಸೀಲ್ ಎರಡೂ ಹಾಕಿ."

ಡಾಕ್ಟರು ಒಂದು ಗಳಿಗೆ ಹಿಂಜರಿದರು. ಆಮೇಲೆ ಲೆಟರ್‌ಹೆಡ್ ಎಳೆದುಕೊಂಡು ಕೈಯಲ್ಲೇ ಬರೆದರು: ಈ ಕಾಯಿಲೆ ವಂಶದಿಂದ ಬರುವುದಲ್ಲ. ಒಬ್ಬರ ರಕ್ತ ತಾಗಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಿದರೆ ಬರುತ್ತದೆ. ಬಂದ ಮೇಲೆ ಲಿವರ್ ಎಷ್ಟು ಬೇಗ ಕೆಡುತ್ತದೆ ಎಂಬುದರಲ್ಲಿ ಮಾತ್ರ ಹುಟ್ಟಿನ ಗುಣಕ್ಕೂ ಒಂದು ಪಾಲಿದೆ. ಒಂದೇ ಕಡೆ ಹಳೆಯ ಸೂಜಿಯಿಂದ ಇಂಜೆಕ್ಷನ್ ತೆಗೆದುಕೊಂಡವರೆಲ್ಲ, ಆರೋಗ್ಯವಾಗಿ ಕಂಡರೂ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಆ ಕಾಗದ ಹಿಡಿದು ಮೂರು ಭಾನುವಾರ ಸೀತು, ಜಲಜ, ವಿನಯಾ ಹಂಗಾರಕಟ್ಟೆಯ ಮನೆಮನೆಗೆ ಹೋದರು. ವಿನಯಾ ಓದುವುದು, ಜಲಜ ಪರಿಚಯ ಹೇಳುವುದು, ಬಾಗಿಲು ಹಾಕಿಕೊಂಡವರನ್ನು ಸೀತು ಹೊರಗಿನಿಂದ ಕೂಗಿ ಕರೆಯುವುದು. "ನಮ್ಮಲ್ಲಿ ಮದ್ವಿಗ್ ಬಂದ್ ಹೆಣ್ಣ್ ಮಕ್ಳ್ ಇತ್ತ್, ಈ ಮನೆಗ್ ಬರ್ಬೇಡಿ" ಎಂದರು ಕೆಲವರು. "ಸತ್ತ್ ಹೋಪ ವಯಸ್ಸಿನ್ ಮನ್ಷ್ಯನ್ ಮರ್ಯಾದಿ ತೆಗೂದ್ ಎಂತಕ್?" ಎಂದರು ಇನ್ನು ಕೆಲವರು. ಸೀತು ಪ್ರತಿಯೊಬ್ಬರಿಗೂ ಉತ್ತರ ಕೊಟ್ಟಳು.

ಒಂದು ಭಾನುವಾರ ಅಕ್ಕು ಎಂಬ ವಿಧವೆಯ ಮನೆಗೆ ಹೋದರು. ಅವಳ ಗಂಡ ಕುಷ್ಟ ಎಂಬವನು ದೋಣಿಯ ಬಡಗಿ; ಮೈಕೈ ನೋವಿಗೆಲ್ಲ ಅಣ್ಣಯ್ಯನ ಸೂಜಿಯೇ. ಎಂಟು ವರ್ಷದ ಹಿಂದೆ ಹೊಟ್ಟೆಯಲ್ಲಿ ನೀರು ತುಂಬಿ ಸತ್ತಿದ್ದ. ಕುಡಿದು ಸತ್ತ ಎಂದು ಊರು ತೀರ್ಮಾನ ಮಾಡಿತ್ತು. ಅವನ ತಮ್ಮಂದಿರೂ ಹಾಗೇ ನಂಬಿದ್ದರು. ವಿನಯಾ ಓದಿ ಮುಗಿಸುವಾಗ ಅಕ್ಕು ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದಳು.

"ಅವ್ರ್ ಕುಡಿತಿರ್ಲಿಲ್ಲ," ಎಂದಳು. "ನಾ ಎಷ್ಟ್ ಹೇಳಿದ್ರೂ ಒಬ್ರೂ ನಂಬ್ಲಿಲ್ಲ. ಕಡೆಕಡೆಗೆ ನಂಗೇ ಸಂಶಯ ಬಂದಿತ್. ಮಲಗಿದ್ದವ್ರ್ ಹತ್ರ ಹೋಯಿ, ಕದ್ದ್ ಕುಡಿತಿದ್ರ್ಯಾ ಅಂದ್ ಕೇಂಡೆ. ಸಾಯುವ ಮನ್ಷ್ಯನ್ ಹತ್ರ ಕೇಂಡೆ ನಾನು."

ಸೀತು ಅವಳ ಪಕ್ಕ ಕುಳಿತಳು. ಆ ಭಾನುವಾರ ಬೇರೆ ಮನೆಗೆ ಹೋಗಲಿಲ್ಲ.

ರಕ್ತ ಪರೀಕ್ಷೆಯ ಶಿಬಿರ ನಡೆದದ್ದು ಹಂಗಾರಕಟ್ಟೆಯ ಶಾಲೆಯ ಎರಡು ಕೋಣೆಗಳಲ್ಲಿ. ಡಾಕ್ಟರ್ ಶ್ರೀಲತಾ ನಾಲ್ಕು ಜನರನ್ನು ಕರೆದುಕೊಂಡು ಬಂದಿದ್ದರು. ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದರು. ಮಧ್ಯಾಹ್ನದೊಳಗೆ ಎಂಬತ್ತು ದಾಟಿತು. ವಿನಯಾ ಬಾಗಿಲಲ್ಲಿ ಮೇಜು ಹಾಕಿ ಫಾರಂ ತುಂಬುತ್ತಿದ್ದಳು. ಹೆಸರು, ವಯಸ್ಸು, ಹಿಂದೆ ಇಂಜೆಕ್ಷನ್ ತೆಗೆದುಕೊಂಡದ್ದು ಎಲ್ಲಿ, ಯಾವಾಗ. ಸೀತು ಪಕ್ಕದಲ್ಲಿ ನಿಂತು ಸಾಲು ನೋಡಿಕೊಳ್ಳುತ್ತಿದ್ದಳು. 'ಎಲ್ಲಿ' ಎಂಬ ಪ್ರಶ್ನೆಗೆ ಮುದುಕರೆಲ್ಲ ಒಂದೇ ಹೆಸರು ಹೇಳಿದರು. ಅದು ಅವಳಿಗೆ ಗೊತ್ತಿದ್ದದ್ದೇ. ಆದರೆ ರತೀಶ್ ಎಂಬ ಇಪ್ಪತ್ತೊಂಬತ್ತರ ಹುಡುಗ ಬಂದು, ಮೂರನೇ ಕ್ಲಾಸಿನಲ್ಲಿದ್ದಾಗ ಜ್ವರಕ್ಕೆ ಅಣ್ಣಯ್ಯ ಡಾಕ್ಟ್ರು ಚುಚ್ಚಿದ್ದರು ಎಂದಾಗ, ಸೀತು ಬೆರಳು ಮಡಚಿ ಲೆಕ್ಕ ಹಾಕಿದಳು. ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಹೆಸರಿಲ್ಲದ ವೈರಸ್ಸಿನ ಕಾಲವಲ್ಲ ಅದು. ಒಮ್ಮೆ ಬಳಸಿ ಎಸೆಯುವ ಸಿರಿಂಜು ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತಿದ್ದ ಕಾಲ.

"ಗಾಜಿಂದ್ ಸಿರಿಂಜಾ ಮಗಾ? ಸರಿ ನೆನ್ಪ್ ಮಾಡ್ಕಂಡ್ ಹೇಳ್."

"ಹೌದ್ ಅತ್ತೆ. ಸ್ಟೀಲ್ ಡಬ್ಬಿಂದ್ ತೆಗ್ದದ್. ಅದ್ರ್ ಕಂಡ್ ನಾ ಕೂಗಿದ್ದೆ."

ಮೂರು ಗಂಟೆಯ ಹೊತ್ತಿಗೆ ಕಾರೊಂದು ಬಂದು ನಿಂತಿತು. ಅಣ್ಣಯ್ಯನ ಮಗ ಅಶೋಕ್ ತಂದೆಯ ತೋಳು ಹಿಡಿದು ಇಳಿಸಿದ. ಸಾಲು ತಾನಾಗಿ ದಾರಿ ಬಿಟ್ಟುಕೊಟ್ಟಿತು. ಅಶೋಕನಿಗೆ ಬೇಕಿದ್ದದ್ದು ಒಂದು ಕಾಗದ. ಜೀವಮಾನವಿಡೀ ಸೂಜಿಯ ಜೊತೆ ಬದುಕಿದ ತಂದೆಗೇ ಈ ರೋಗ ಇಲ್ಲ ಎಂದಾದರೆ ಊರಿನ ಬಾಯಿ ಮುಚ್ಚುತ್ತದೆ ಎಂದು ಅವನ ಲೆಕ್ಕ. ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿಯೂಬಿಟ್ಟ.

ಎಲ್ಲರೂ ಸೀತುವನ್ನು ನೋಡಿದರು. ಈಗ ಹಾರಿಬೀಳುತ್ತಾಳೆ ಎಂದು ಡಾಕ್ಟರು ಕೂಡ ಒಳಗಿನಿಂದ ಎದ್ದು ಬಂದರು. ಸೀತು ಕುರ್ಚಿ ಎಳೆದು ಅಣ್ಣಯ್ಯನಿಗೆ ಕೂರಲು ಕೊಟ್ಟಳು.

"ಬರಿ ಮಗಾ," ಎಂದಳು ವಿನಯಳಿಗೆ. "ಎಲ್ಲರ್ಗೂ ಕೇಂಡ ಹಾಂಗೇ ಕೇಣ್."

ಹೆಸರು ಹೇಳಿದ. ವಯಸ್ಸು ಹೇಳಿದ. "ಹಿಂದೆ ಇಂಜೆಕ್ಷನ್ ತೆಗೆದುಕೊಂಡದ್ದು ಎಲ್ಲಿ?" ಎಂದು ವಿನಯಾ ಕೇಳಿದಾಗ ಅಣ್ಣಯ್ಯ ಮಗನ ಕಡೆ ನೋಡಿದ.

"ಅದೆಲ್ಲ ಎಂತಕ್ಕೆ? ರಕ್ತ ತೆಗೀರಿ ಸಾಕು," ಎಂದ ಅಶೋಕ್.

"ಎಂಬತ್ತ್ ಜನ ಹೇಳಿದ್ರ್. ಇವ್ರೂ ಹೇಳ್ಲಿ," ಎಂದಳು ಸೀತು.

"ನನ್ ಅಂಗಡೀಲೇ," ಎಂದ ಅಣ್ಣಯ್ಯ ಕಡೆಗೆ. "ಜ್ವರ ಬಂದಾಗ ಒಂದೆರಡ್ ಸಲ, ನಾನೇ ಚುಚ್ಚ್ಕಂಡದ್." ಎಂದವನು ತನ್ನ ಬಗ್ಗೆ ಯಾರೂ ತಪ್ಪು ತಿಳಿಯಬಾರದೆಂದೋ ಏನೋ, ಬೇಗ ಬೇಗ ಸೇರಿಸಿದ: "ಆದ್ರೆ ಅದ್ಕೆಲ್ಲ ಹೊಸ ಸೂಜಿ. ಹೊಸ್ತ್ ಒಡ್ದೇ ಚುಚ್ಚ್ಕಂಡದ್. ನನ್ಗೂ, ಮನೆಯವ್ರಿಗೂ."

ತಾನು ಏನು ಹೇಳಿದೆನೆಂದು ಅವನಿಗೆ ಗೊತ್ತಾಗಲು ಒಂದು ಗಳಿಗೆ ಹಿಡಿಯಿತು. ಸಾಲಿನ ಹಿಂದಿನಿಂದ ಅಕ್ಕು ಮುಂದೆ ಬಂದಳು. ಅಶೋಕ್ ತಂದೆಯ ತೋಳು ಹಿಡಿದು ಎಬ್ಬಿಸಿದ.

"ಹೊಸ್ತ್ ಇದ್ದಿತ್ ಹಂಗಾರೆ," ಎಂದಳು ಸೀತು. ಅವಳ ದನಿ ಏರಲಿಲ್ಲ. ಅದಕ್ಕೇ ಎಲ್ಲರಿಗೂ ಕೇಳಿಸಿತು. "ಹೊಸ್ತ್ ಇದ್ದಿತ್, ನಿಮ್ಗೆ. ನಿಮ್ ಮನೆಯವ್ರಿಗೆ. ಗೊತ್ತಿರ್ಲಿಲ್ಲ ಅಂದ್ರಿ ನನ್ ಹತ್ರ. ಗೊತ್ತಿಲ್ದವ ತನ್ಗ್ ಮಾತ್ರ ಹೊಸ್ತ್ ಇಟ್ಕಂತ್ನಾ? ಬರ್ಕಾ ವಿನಯಾ. ಒಂದಕ್ಷರ ಬಿಡ್ದೆ ಬರ್ಕಾ."

ವಿನಯಾ ಬರೆದಳು. ಕಾರು ಹೋಯಿತು. ಅಣ್ಣಯ್ಯ ರಕ್ತ ಕೊಡದೆ ಹೋಗಿದ್ದ.

ಅವತ್ತಿನ ಶಿಬಿರದಲ್ಲಿ ಹನ್ನೊಂದು ಜನರಿಗೆ ವೈರಸ್ ಇದೆ ಎಂದಾಯಿತು. ರತೀಶ್ ಒಬ್ಬ. ಹನ್ನೊಂದೂ ಮಂದಿ ಮಾತ್ರೆ ತೆಗೆದುಕೊಂಡರು; ಸೀತು ಫೋನು ಮಾಡಿ ಬೈದು ಬೈದು ತೆಗೆದುಕೊಳ್ಳುವಂತೆ ಮಾಡಿದಳು. ಇನ್ನೂ ಮೂವರ ರಕ್ತದಲ್ಲಿ ವೈರಸ್ ಬಂದುಹೋದ ಗುರುತು ಮಾತ್ರವಿತ್ತು. ಅವರ ಮೈ ಅದನ್ನು ತಾನೇ ಓಡಿಸಿತ್ತು, ಅದಕ್ಕೂ ಬೇರೊಂದು ಜೀನ್ ಸಹಾಯ ಮಾಡುತ್ತದೆ ಎಂದರು ಡಾಕ್ಟರು. ಒಬ್ಬೊಬ್ಬರಿಗೆ ಒಂದೊಂದು ಥರ. ಯಾರ ಮೇಲೆ ಸಿಟ್ಟಾಗಬೇಕು ಎಂಬುದರಲ್ಲಿ ಸೀತುವಿಗೆ ಈಗ ಗೊಂದಲ ಉಳಿದಿಲ್ಲ.

ಅವಳ ಮತ್ತು ಜಲಜಳ ರಕ್ತದಲ್ಲಿ ವೈರಸ್ ಈಗಿಲ್ಲ. ಸೀತುವಿನ ಹತ್ತೊಂಬತ್ತು ಹದಿನೈದಕ್ಕೆ ಇಳಿದು ಅಲ್ಲೇ ನಿಂತಿದೆ. ಲಿವರಿನಲ್ಲಿ ಗಡ್ಡೆ ಏಳುತ್ತದೆಯೋ ಎಂದು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು, ಬದುಕಿರುವವರೆಗೂ. ಜಲಜಳಿಗೆ ಆ ತಾಪತ್ರಯವಿಲ್ಲ. ಆದರೂ ಪ್ರತಿ ಸಲ ಬ್ರಹ್ಮಾವರದಲ್ಲಿ ತಂಗಿ ಬರುವ ಬಸ್ಸನ್ನೇ ಹತ್ತಿ, ಅವಳ ಜೊತೆ ಹೋಗಿ ಬರುತ್ತಾಳೆ. ದೇವು ಕುಡಿಯುವುದನ್ನು ಬಿಟ್ಟಿಲ್ಲ. ಸ್ಕ್ಯಾನಿನ ದಿನ ಮಾತ್ರ ಮುಟ್ಟುವುದಿಲ್ಲ.

ಅಣ್ಣಯ್ಯನ ಮೇಲೆ ಅಕ್ಕು ಮತ್ತು ಸೀತು ಹೆಬ್ಬೆಟ್ಟು, ಸಹಿ ಹಾಕಿ ಆರೋಗ್ಯ ಇಲಾಖೆಗೆ ಅರ್ಜಿ ಕೊಟ್ಟರು. ಅಂಗಡಿ ಮುಚ್ಚಿ ಬಹಳ ವರ್ಷವಾಗಿದೆ, ದಾಖಲೆ ಇಲ್ಲ, ಶಿಬಿರದ ಫಾರಂ ಸಾಕ್ಷಿಯಾಗುವುದಿಲ್ಲ ಎಂದು ಉತ್ತರ ಬಂತು. ಅವರು ಎರಡನೇ ಅರ್ಜಿ ಕೊಟ್ಟಿದ್ದಾರೆ. ಅವನು ಮಗನ ಜೊತೆ ಊರು ಬಿಟ್ಟು ಹೋಗಿದ್ದಾನೆ. ಕುಷ್ಟನ ತಮ್ಮಂದಿರು ಒಂದು ದಿನ ಅಕ್ಕುವಿನ ಮನೆಗೆ ಬಂದು, ಏನೂ ಹೇಳಲಾರದೆ, ಮಾಡು ಸೋರುವಲ್ಲಿ ಹೆಂಚು ಸರಿಮಾಡಿ ಹೋದರಂತೆ.

ಗರ್ಭಕೋಶದ ಆಪರೇಶನ್ನೂ ಮುಗಿದು ಸೀತು ಮತ್ತೆ ಕೆರಾಡಿಯ ಬಸ್ಸು ಹತ್ತಿದ್ದಾಳೆ. ಮೊದಲಿನಷ್ಟು ಮೀನು ಹೊರುವುದಿಲ್ಲ. ಹೋದ ವಾರ ಒಂದು ಮನೆಯ ಹೆಂಗಸು ಬಂಗ್ಡೆ ಆರಿಸುತ್ತ ಎಲ್ಲ ವಿಚಾರಿಸಿದಳು. ಸೀತು ಎಲ್ಲ ಹೇಳಿದಳು. ಹೆಂಗಸು ನಿಟ್ಟುಸಿರು ಬಿಟ್ಟು, "ಎಂತ ಮಾಡುದ್ ಸೀತಕ್ಕ, ಎಲ್ಲ ಹಣೆಬರಹ. ನಮ್ಮ್ ಕೈಯ್ಯಲ್ ಎಂತ ಇತ್ತ್?" ಎಂದಳು.

ಸೀತು ಅವಳ ಕೈಯಲ್ಲಿದ್ದ ತಟ್ಟೆಯಿಂದ ಆರೂ ಬಂಗ್ಡೆಯನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕಿಕೊಂಡಳು.

"ಹಣೆಬರಹ ಅಂಬವ್ರಿಗ್ ನನ್ ಮೀನ್ ಇಲ್ಲೆ," ಎಂದು ಬುಟ್ಟಿ ಎತ್ತಿ, ಮುಂದಿನ ಮನೆಯ ಕಡೆಗೆ ಕೂಗು ಹಾಕಿದಳು.